ನನ್ನ ಫೋನಿಗೆ ಮಾತ್ರ ಬರುವ ಚುನಾವಣಾ ಜಾಹೀರಾತು

(ಕಾನೂನು ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಚುನಾವಣೆ ಹೊತ್ತಿನಲ್ಲಿ ಮನೆಗೆ ಬರುವ ಕರಪತ್ರವನ್ನು ಒಮ್ಮೆ ತಿರುಗಿಸಿ ನೋಡಿ. ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದವರ ಮತ್ತು ಪ್ರಕಟಿಸಿದವರ ಹೆಸರು, ವಿಳಾಸ ಇರುತ್ತದೆ. ಅದನ್ನು ಪ್ರೆಸ್ಸಿನವರು ತಮ್ಮ ಪ್ರಚಾರಕ್ಕೆ ಹಾಕಿಕೊಂಡಿದ್ದಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಸೆಕ್ಷನ್ ಪ್ರಕಾರ ಅದು ಕಡ್ಡಾಯ. ಪ್ರಕಟಿಸುವವರು ತಾವು ಯಾರು ಅಂತ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಪ್ರೆಸ್ಸಿಗೆ ಬರೆದು ಕೊಡಬೇಕು. ಪ್ರೆಸ್ಸಿನವರು ಅದರ ಪ್ರತಿಯನ್ನು ಕರಪತ್ರದ ಜೊತೆ ಅಧಿಕಾರಿಗಳಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಈ ಸೆಕ್ಷನ್ ಕಾಯ್ದೆಗೆ ಸೇರಿದ್ದು 1961ರಲ್ಲಿ. 2024ರ ಲೋಕಸಭಾ ಚುನಾವಣೆ ಬಂದಾಗ, ರಸ್ತೆ ಬದಿಯ ಹೋರ್ಡಿಂಗ್‌ಗಳಲ್ಲೂ ಈ ಹೆಸರುಗಳು ಇರಬೇಕು ಅಂತ ಚುನಾವಣಾ ಆಯೋಗ ಸೂಚನೆ ಕೊಟ್ಟಿತು.

ಈಗ ಫೋನ್ ತೆಗೆಯಿರಿ. ಅದರಲ್ಲಿ ಬರುವ ಚುನಾವಣಾ ಜಾಹೀರಾತಿಗೆ ಸಂಸತ್ತು ಇಂಥ ಒಂದು ಸೆಕ್ಷನ್ ಮಾಡಿಲ್ಲ. ದುಡ್ಡು ಕೊಟ್ಟವರ ಹೆಸರನ್ನು ಕೆಲವು ಕಂಪನಿಗಳು ತೋರಿಸುತ್ತವೆ, ನಿಜ. ಅದು ಆ ಕಂಪನಿಯ ನಿಯಮ. ನಾಳೆ ಬದಲಾದರೂ ಯಾರೂ ಕೇಳುವಂತಿಲ್ಲ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಈ ಜಾಹೀರಾತು ನನಗೇ ಯಾಕೆ ಬಂತು? ನನ್ನ ಪಕ್ಕದ ಮನೆಯವರಿಗೆ ಯಾಕೆ ಬರಲಿಲ್ಲ? ಅವರಿಗೆ ಅದೇ ಪಕ್ಷ ಬೇರೇನು ಹೇಳುತ್ತಿದೆ?

ಇವತ್ತು ನಾನು ವಾದ ಮಾಡುವುದು ಒಂದೇ ವಿಷಯಕ್ಕೆ. ಮತ ಕೇಳುವ ಮಾತು ಎಲ್ಲರಿಗೂ ಕೇಳಿಸುವ ಮಾತಾಗಿರಬೇಕು. ಏನು ಹೇಳಬೇಕು ಅನ್ನುವುದರ ಮೇಲೆ ಕಾನೂನು ಕೈ ಹಾಕುವುದು ಬೇಡ. ಆ ಮಾತನ್ನು ಯಾರಿಗೆ ತೋರಿಸಬೇಕು, ಯಾರಿಂದ ಮುಚ್ಚಿಡಬೇಕು ಅಂತ ನಮ್ಮ ಖಾಸಗಿ ಮಾಹಿತಿ ನೋಡಿ ತೀರ್ಮಾನ ಮಾಡುವ ವ್ಯವಸ್ಥೆ ಇದೆಯಲ್ಲ, ಕಾನೂನು ಹಿಡಿಯಬೇಕಾದ್ದು ಅದನ್ನು.

ಓಣಿಗೊಂದು ಮಾತು, ಫೋನಿಗೊಂದು ಮಾತು

ಇದರಲ್ಲಿ ಹೊಸದೇನಿದೆ ಅಂತ ನೀವು ಕೇಳಬಹುದು. ಪಕ್ಷದ ಕಾರ್ಯಕರ್ತರು ಮೊದಲಿಂದಲೂ ಓಣಿಗೊಂದು ಮಾತು ಆಡುತ್ತಲೇ ಬಂದಿದ್ದಾರೆ. ರೈತರಿದ್ದ ಕಡೆ ನೀರಿನ ಮಾತು, ನೌಕರರಿದ್ದ ಕಡೆ ಪಿಂಚಣಿ ಮಾತು. ಆದರೆ ಆ ಕಾರ್ಯಕರ್ತ ಮುಖ ತೋರಿಸಿ ಮಾತಾಡುತ್ತಿದ್ದ. ಅವನು ಹೇಳಿದ್ದು ಸಂಜೆಯೊಳಗೆ ಪಕ್ಕದ ಓಣಿಗೂ ಮುಟ್ಟುತ್ತಿತ್ತು. ಎದುರು ಪಕ್ಷದವರು ಮರುದಿನವೇ ಬಂದು ಉತ್ತರ ಕೊಡುತ್ತಿದ್ದರು. ಪತ್ರಕರ್ತರು ಬರೆಯುತ್ತಿದ್ದರು. ಸುಳ್ಳು ಹೇಳಿದರೆ ಸಿಕ್ಕಿಬೀಳುವ ಭಯ ಇತ್ತು.

ಫೋನಿನ ಜಾಹೀರಾತಿನಲ್ಲಿ ಈ ದಾರಿಗಳು ಮುಚ್ಚಿಹೋಗುತ್ತವೆ. ಕೆಲಸ ನಡೆಯುವ ರೀತಿ ನೋಡಿ. ಪಕ್ಷದ ಹತ್ತಿರ ಫೋನ್ ನಂಬರುಗಳ ಪಟ್ಟಿ ಇರುತ್ತದೆ. ಅದನ್ನು ಫೇಸ್‌ಬುಕ್‌ನಂಥ ಪ್ಲಾಟ್‌ಫಾರ್ಮ್‌ಗೆ ಏರಿಸಿದರೆ, ಅದರಲ್ಲಿರುವ ಖಾತೆಗಳನ್ನು ಅದು ಗುರುತಿಸಿ ಅವರಿಗಷ್ಟೇ ಜಾಹೀರಾತು ತೋರಿಸುತ್ತದೆ. ಇದಕ್ಕೆ ಕಸ್ಟಮ್ ಆಡಿಯನ್ಸ್ ಅನ್ನುತ್ತಾರೆ. ಆಮೇಲೆ ‘ಇವರಂಥ ಇನ್ನಷ್ಟು ಜನ ಬೇಕು’ ಅಂತ ಕೇಳಬಹುದು. ಪ್ಲಾಟ್‌ಫಾರ್ಮ್ ಇವರ ನಡವಳಿಕೆ ನೋಡಿ, ಹೋಲಿಕೆ ಇರುವ ಲಕ್ಷಾಂತರ ಜನರನ್ನು ತಾನೇ ಹುಡುಕಿ ಕೊಡುತ್ತದೆ. ಇದು ಲುಕ್‌ಅಲೈಕ್ ಆಡಿಯನ್ಸ್. ಯಾವ ಹೋಲಿಕೆ ಅಂತ ಪಕ್ಷಕ್ಕೂ ಗೊತ್ತಿರುವುದಿಲ್ಲ, ನಮಗಂತೂ ಇಲ್ಲವೇ ಇಲ್ಲ.

ಪಕ್ಷ ಯಾರನ್ನೂ ಆರಿಸದೆ ಇದ್ದರೂ ಪ್ಲಾಟ್‌ಫಾರ್ಮ್ ಆರಿಸುತ್ತದೆ. ಯಾರು ಕ್ಲಿಕ್ ಮಾಡಬಹುದು ಅಂತ ಅದು ಊಹಿಸಿ, ಅವರ ಕಡೆಗೇ ಜಾಹೀರಾತನ್ನು ಜಾಸ್ತಿ ತಳ್ಳುತ್ತದೆ. ಅಮೆರಿಕದ ನಾರ್ತ್‌ಈಸ್ಟರ್ನ್ ಮತ್ತು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು 2019ರಲ್ಲಿ ಫೇಸ್‌ಬುಕ್‌ನಲ್ಲಿ ತಾವೇ ದುಡ್ಡು ಕೊಟ್ಟು ರಾಜಕೀಯ ಜಾಹೀರಾತು ಹಾಕಿ ಇದನ್ನು ಪರೀಕ್ಷಿಸಿದರು. ಒಂದು ಪಕ್ಷದ ಮಾತನ್ನು ಎದುರು ಪಕ್ಷದ ಬೆಂಬಲಿಗರಿಗೆ ತಲುಪಿಸಲು ಜಾಸ್ತಿ ಖರ್ಚಾಗುತ್ತದೆ ಅಂತ ಅವರಿಗೆ ಕಂಡುಬಂತು. ನಮ್ಮಲ್ಲೂ ದರದ ಪ್ರಶ್ನೆ ಎದ್ದಿದೆ. ರಿಪೋರ್ಟರ್ಸ್ ಕಲೆಕ್ಟಿವ್ ಎಂಬ ಪತ್ರಕರ್ತರ ತಂಡ ಮತ್ತು ಆಡ್‌ವಾಚ್ ಎಂಬ ಸಂಶೋಧನಾ ಯೋಜನೆ 2019 ಮತ್ತು 2020ರ ಐದು ಲಕ್ಷಕ್ಕೂ ಹೆಚ್ಚು ಫೇಸ್‌ಬುಕ್ ಜಾಹೀರಾತುಗಳನ್ನು ಪರಿಶೀಲಿಸಿ 2022ರಲ್ಲಿ ವರದಿ ಮಾಡಿದವು. ಹತ್ತು ಲಕ್ಷ ಸಲ ತೋರಿಸಲು ಬಿಜೆಪಿಗೆ ಸರಾಸರಿ 41,844 ರೂಪಾಯಿ, ಕಾಂಗ್ರೆಸ್‌ಗೆ 53,776 ರೂಪಾಯಿ ಬಿದ್ದಿತ್ತು ಅನ್ನುವುದು ಅವರ ಲೆಕ್ಕ. ತನ್ನ ನೀತಿ ಎಲ್ಲರಿಗೂ ಒಂದೇ ಅಂತ ಕಂಪನಿ ಹೇಳಿತು. ಬೇಕೆಂದೇ ಹೀಗೆ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಪತ್ರಿಕೆ ಜಾಹೀರಾತಿಗೆ ಒಂದು ದರಪಟ್ಟಿ ಇರುತ್ತದೆ, ಕೇಳಿದರೆ ಸಿಗುತ್ತದೆ. ಇಲ್ಲಿ ದರ ಹೇಗೆ ಹುಟ್ಟುತ್ತದೆ ಅಂತ ಹೊರಗಿನವರು ಪರೀಕ್ಷಿಸುವ ದಾರಿಯೇ ಇಲ್ಲ. ಚುನಾವಣೆಯಲ್ಲಿ ಇದು ಸಣ್ಣ ವಿಷಯ ಅಲ್ಲ.

ಬ್ರಿಟನ್‌ನ 2016ರ ಬ್ರೆಕ್ಸಿಟ್ ಜನಮತ ಗಣನೆ ಈ ವಿಷಯದಲ್ಲಿ ಎಲ್ಲರ ಕಣ್ಣು ತೆರೆಸಿತು. ಐರೋಪ್ಯ ಒಕ್ಕೂಟ ಬಿಡೋಣ ಅನ್ನುವ ವೋಟ್ ಲೀವ್ ಪ್ರಚಾರದವರು ಕೆಲವರಿಗೆ ಟರ್ಕಿಯಿಂದ ಜನ ಬಂದುಬಿಡುತ್ತಾರೆ ಅಂತ ತೋರಿಸಿದರು. ಪ್ರಾಣಿಪ್ರಿಯರಿಗೆ ಹಿಮಕರಡಿ, ಸ್ಪೇನಿನ ಗೂಳಿ ಕಾಳಗ ತೋರಿಸಿದರು. ಇನ್ನು ಕೆಲವರಿಗೆ, ನಿಮ್ಮ ಚಹಾಕ್ಕೂ ಒಕ್ಕೂಟ ಕುತ್ತು ತರುತ್ತದೆ ಅಂತ ಹೇಳಿದರು. ಫುಟ್‌ಬಾಲ್ ಪಂದ್ಯಗಳ ಫಲಿತಾಂಶ ಸರಿಯಾಗಿ ಊಹಿಸಿದವರಿಗೆ 5 ಕೋಟಿ ಪೌಂಡ್ ಬಹುಮಾನ ಅಂತ ಸ್ಪರ್ಧೆ ಇಟ್ಟು, ಅದರಲ್ಲಿ ಜನರ ವಿವರ ಸಂಗ್ರಹಿಸಿದರು. ಈ ಜಾಹೀರಾತುಗಳು ಒಟ್ಟಾಗಿ ಜನರ ಕಣ್ಣಿಗೆ ಬಿದ್ದದ್ದು 2018ರ ಜುಲೈನಲ್ಲಿ, ಸಂಸದೀಯ ಸಮಿತಿ ಕೇಳಿ ಫೇಸ್‌ಬುಕ್ ಕೊಟ್ಟ ಮೇಲೆ. ಅಂದರೆ ಮತ ಹಾಕಿ ಎರಡು ವರ್ಷ ಆದ ಮೇಲೆ! ಅದೇ ತಿಂಗಳು ಅಲ್ಲಿನ ಚುನಾವಣಾ ಆಯೋಗ ವೋಟ್ ಲೀವ್‌ಗೆ 61,000 ಪೌಂಡ್ ದಂಡ ಹಾಕಿತು. ಅವರು ಬಿಲೀವ್ ಎಂಬ ಇನ್ನೊಂದು ಗುಂಪಿನ ಲೆಕ್ಕದಲ್ಲಿ 6.75 ಲಕ್ಷ ಪೌಂಡ್‌ಗೂ ಹೆಚ್ಚು ಹಣವನ್ನು ಕೆನಡಾದ ಆಗ್ರಿಗೇಟ್‌ಐಕ್ಯೂ ಎಂಬ ಡೇಟಾ ಕಂಪನಿಗೆ ಕೊಡಿಸಿದ್ದರು. ಅದರಿಂದ ಖರ್ಚಿನ ಮಿತಿ ದಾಟಿತ್ತು. ಫಲಿತಾಂಶ ಬಂದಾಗಿತ್ತು, ದಂಡ ಬಂದದ್ದು ಆಮೇಲೆ. ಚುನಾವಣಾ ಕಾನೂನು ತಡವಾದರೆ ಆಗುವುದೇ ಹೀಗೆ.

ಯುರೋಪು ಮಾಡಿದ್ದೇನು

ಇದಕ್ಕೆ ಇವತ್ತಿನವರೆಗೆ ಬಂದಿರುವ ತುಂಬಾ ಗಟ್ಟಿ ಕಾನೂನು ಐರೋಪ್ಯ ಒಕ್ಕೂಟದ್ದು. ಕರಡು ಬಂದದ್ದು 2021ರ ನವೆಂಬರ್‌ನಲ್ಲಿ, ಪಾಸಾದದ್ದು 2024ರ ಮಾರ್ಚ್‌ನಲ್ಲಿ, ಪೂರ್ತಿ ಜಾರಿಯಾದದ್ದು 2025ರ ಅಕ್ಟೋಬರ್ 10ರಿಂದ. 2024/900 ಅನ್ನುವುದು ಅದರ ನಂಬರು.

ಅದರ ಒಂದು ಭಾಗ ಪಾರದರ್ಶಕತೆಯದ್ದು. ಪ್ರತಿ ರಾಜಕೀಯ ಜಾಹೀರಾತಿನ ಮೇಲೆ ಅದು ರಾಜಕೀಯ ಜಾಹೀರಾತು ಅಂತ ಬರೆದಿರಬೇಕು. ದುಡ್ಡು ಯಾರದ್ದು, ಯಾವ ಚುನಾವಣೆಗೆ ಸಂಬಂಧಿಸಿದ್ದು, ಜನರನ್ನು ಆರಿಸಿ ತೋರಿಸಲಾಗಿದೆಯೇ ಅನ್ನುವುದು ತಿಳಿಯಬೇಕು. ಆನ್‌ಲೈನ್ ಜಾಹೀರಾತುಗಳೆಲ್ಲ ಒಂದು ಸಾರ್ವಜನಿಕ ಸಂಗ್ರಹದಲ್ಲಿ ಸೇರಬೇಕು. ಚುನಾವಣೆಗೆ ಮುಂಚಿನ ಮೂರು ತಿಂಗಳು ಒಕ್ಕೂಟದ ಹೊರಗಿನವರ ದುಡ್ಡಿನಲ್ಲಿ ಜಾಹೀರಾತು ಹಾಕುವಂತಿಲ್ಲ. ದಂಡ ವಾರ್ಷಿಕ ವಹಿವಾಟಿನ ಶೇ 6ರವರೆಗೆ ಹೋಗಬಹುದು.

ನನಗೆ ಮುಖ್ಯ ಅನಿಸುವುದು ಅದರ 18ನೇ ವಿಧಿ. ಆನ್‌ಲೈನ್‌ನಲ್ಲಿ ಜನರ ವೈಯಕ್ತಿಕ ಮಾಹಿತಿ ಬಳಸಿ ರಾಜಕೀಯ ಜಾಹೀರಾತನ್ನು ಆರಿಸಿ ತೋರಿಸಬೇಕಾದರೆ, ಆ ಮಾಹಿತಿಯನ್ನು ಅವರಿಂದಲೇ ಪಡೆದಿರಬೇಕು. ಬೇರೆಯವರ ಹತ್ತಿರ ಕೊಂಡದ್ದು ನಡೆಯುವುದಿಲ್ಲ. ರಾಜಕೀಯ ಜಾಹೀರಾತಿಗೆ ಅಂತಲೇ ಪ್ರತ್ಯೇಕವಾಗಿ, ಸ್ಪಷ್ಟವಾಗಿ ಒಪ್ಪಿಗೆ ಪಡೆದಿರಬೇಕು. ಒಪ್ಪಿಗೆ ಕೊಟ್ಟರೂ ಜನಾಂಗ, ಧರ್ಮ, ರಾಜಕೀಯ ಅಭಿಪ್ರಾಯ, ಆರೋಗ್ಯ, ಲೈಂಗಿಕ ಒಲವು ಇಂಥ ಮಾಹಿತಿಯಿಂದ ಪ್ರೊಫೈಲ್ ಮಾಡುವಂತಿಲ್ಲ, ಅಂದರೆ ಜನರನ್ನು ಅಳೆದು ವಿಂಗಡಿಸುವಂತಿಲ್ಲ. ಮತದಾನದ ವಯಸ್ಸಿಗೆ ಕನಿಷ್ಠ ಒಂದು ವರ್ಷ ಬಾಕಿ ಇರುವ ಮಕ್ಕಳ ಮಾಹಿತಿ ಮುಟ್ಟುವಂತಿಲ್ಲ. ಪಕ್ಷ ತನ್ನ ಸದಸ್ಯರಿಗೆ ಕಳಿಸುವ ಪತ್ರಗಳಿಗೆ ವಿನಾಯಿತಿ ಇದೆ. ಅದು ನ್ಯಾಯವೇ.

ಗಮನಿಸಿ, ಇಲ್ಲಿ ಯಾವ ಮಾತನ್ನೂ ನಿಷೇಧ ಮಾಡಿಲ್ಲ. ಆಯ್ಕೆಯ ವಿಧಾನಕ್ಕೆ ಮಾತ್ರ ಕಡಿವಾಣ.

ಈ ಕಾನೂನಿನ ಕರಡು ಬರೆದ, ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗವೇ ಅದು ಚರ್ಚೆಯಲ್ಲಿದ್ದಾಗ ಎಡವಿತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳನ್ನು ಪತ್ತೆಹಚ್ಚಲು ಖಾಸಗಿ ಸಂದೇಶಗಳನ್ನೂ ತಪಾಸಣೆ ಮಾಡಬಹುದು ಎಂಬ ಇನ್ನೊಂದು ಮಸೂದೆ ಅದರ ಕೈಯಲ್ಲಿತ್ತು. ಅದಕ್ಕೆ ಬೆಂಬಲ ಗಳಿಸಲು 2023ರ ಸೆಪ್ಟೆಂಬರ್‌ನಲ್ಲಿ ನೆದರ್ಲೆಂಡ್ಸ್‌ನಲ್ಲಿ ಎಕ್ಸ್ (ಹಿಂದಿನ ಟ್ವಿಟರ್) ಮೂಲಕ ಜಾಹೀರಾತು ಹಾಕಿಸಿತು. ಕೆಲವು ಪಕ್ಷಗಳು, ನಾಯಕರು, ಕ್ರೈಸ್ತ ಧರ್ಮಕ್ಕೆ ಸಂಬಂಧಿಸಿದ ಪದಗಳಲ್ಲಿ ಆಸಕ್ತಿ ಇರುವವರಿಗೆ ಅದು ಕಾಣಿಸದಂತೆ ಆಯ್ಕೆ ಮಾಡಿತ್ತು. ಆಸ್ಟ್ರಿಯಾದ ನೊಯ್ಬ್ ಎಂಬ ಖಾಸಗಿತನ ಸಂಸ್ಥೆ ದೂರು ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಐರೋಪ್ಯ ಡೇಟಾ ರಕ್ಷಣಾ ಮೇಲ್ವಿಚಾರಕರು, ಜನರ ರಾಜಕೀಯ ಮತ್ತು ಧಾರ್ಮಿಕ ಒಲವಿನ ಮಾಹಿತಿಯನ್ನು ಕಾನೂನಿಗೆ ವಿರುದ್ಧವಾಗಿ ಬಳಸಲಾಗಿದೆ ಅಂತ ಹೇಳಿ ಆಯೋಗಕ್ಕೆ ಛೀಮಾರಿ ಹಾಕಿದರು. ಈ ಪ್ರಕರಣವನ್ನು ನಾನು ಪಾಠ ಮಾಡುವಾಗಲೆಲ್ಲ ಹೇಳುತ್ತೇನೆ. ಒಳ್ಳೆಯ ಉದ್ದೇಶ ಇದ್ದವರ ಕೈಗೂ ಈ ಉಪಕರಣ ಸಿಕ್ಕರೆ, ವಿರೋಧಿಸುವವರಿಗೆ ಮಾತು ಕಾಣದಂತೆ ಮಾಡುವ ಆಸೆ ಹುಟ್ಟುತ್ತದೆ. ಆಮೇಲೆ ಕಾನೂನು ಸರ್ಕಾರಕ್ಕೂ ಅನ್ವಯಿಸಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಕಾನೂನು ಜಾರಿಯಾಗುವ ಮುಂಚೆಯೇ ದೊಡ್ಡ ಕಂಪನಿಗಳು ಹೊರನಡೆದವು. ಒಕ್ಕೂಟದಲ್ಲಿ ರಾಜಕೀಯ ಜಾಹೀರಾತು ನಿಲ್ಲಿಸುತ್ತೇವೆ ಅಂತ ಗೂಗಲ್ 2024ರ ನವೆಂಬರ್‌ನಲ್ಲಿ ಹೇಳಿತು, ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ 2025ರ ಜುಲೈನಲ್ಲಿ ಹೇಳಿತು. ನಿಯಮ ಪಾಲಿಸುವುದು ಅಸಾಧ್ಯ, ಅರ್ಥ ಅಸ್ಪಷ್ಟ ಅನ್ನುವುದು ಅವರ ದೂರು. ಗೂಗಲ್ ಕೆನಡಾದಲ್ಲಿ 2019ರಲ್ಲಿ, ಬ್ರೆಜಿಲ್‌ನಲ್ಲಿ 2024ರಲ್ಲಿ ಇದೇ ದಾರಿ ಹಿಡಿದಿತ್ತು. ಅಲ್ಲೂ ಹೊಸ ನಿಯಮ ಬಂದ ಮೇಲೆಯೇ.

ಇದನ್ನು ಗೆಲುವು ಅಂತ ಸಂಭ್ರಮಿಸಿದವರಿದ್ದಾರೆ. ನಾನು ಅವರ ಜೊತೆ ಇಲ್ಲ. ದುಡ್ಡು ಕೊಟ್ಟು ಹಾಕುವ ಜಾಹೀರಾತು ಹೋದರೆ ತೊಂದರೆಯಾಗುವುದು ಹೊಸ ಪಕ್ಷಕ್ಕೆ, ಹೆಸರಿಲ್ಲದ ಅಭ್ಯರ್ಥಿಗೆ, ಸಣ್ಣ ಸಂಘಟನೆಗೆ. ಲಕ್ಷಾಂತರ ಹಿಂಬಾಲಕರು ಈಗಾಗಲೇ ಇರುವ ನಾಯಕನಿಗೆ ಜಾಹೀರಾತು ಬೇಕಿಲ್ಲ. ಕಂಪನಿಗಳ ದೂರಿನಲ್ಲಿ ಸ್ವಲ್ಪ ಹುರುಳೂ ಇದೆ. ಈ ಕಾನೂನಿನಲ್ಲಿ ರಾಜಕೀಯ ಜಾಹೀರಾತು ಅಂದರೆ ಚುನಾವಣೆಯ ಜಾಹೀರಾತು ಮಾತ್ರ ಅಲ್ಲ. ಮಸೂದೆಗಳ ಮೇಲೆ, ಸರ್ಕಾರಿ ನಿಯಮಗಳ ಮೇಲೆ ಪ್ರಭಾವ ಬೀರಲು ಮಾಡಿದ ಜಾಹೀರಾತೂ ಅದರೊಳಗೆ ಬರುತ್ತದೆ. ನದಿ ಉಳಿಸಿ ಅಂತ ಹೇಳುವ ಸಂಸ್ಥೆ, ಬಾಡಿಗೆದಾರರ ಸಂಘ ಎಲ್ಲರೂ ಸಿಕ್ಕಿಕೊಂಡರು. ಮೆಟಾ ನಿಲ್ಲಿಸಿದ್ದು ಚುನಾವಣೆಯ ಜಾಹೀರಾತನ್ನಷ್ಟೇ ಅಲ್ಲ, ಸಾಮಾಜಿಕ ವಿಷಯಗಳ ಜಾಹೀರಾತನ್ನೂ. ವ್ಯಾಖ್ಯೆ ಅಗಲವಾದಷ್ಟೂ ಮೊದಲು ಬಾಯಿ ಮುಚ್ಚುವುದು ಬಡವರದ್ದು.

ಜಾಹೀರಾತು ನಿಂತರೆ ಪ್ರಚಾರ ನಿಲ್ಲುತ್ತದೆ ಅಂತಲೂ ಇಲ್ಲ. ರೊಮೇನಿಯಾ ನೋಡಿ. 2024ರ ನವೆಂಬರ್ 24ರಂದು ಅಧ್ಯಕ್ಷ ಸ್ಥಾನದ ಮೊದಲ ಸುತ್ತಿನಲ್ಲಿ ಕೆಲಿನ್ ಜಾರ್ಜೆಸ್ಕು ಎಂಬ ಅಷ್ಟಾಗಿ ಯಾರಿಗೂ ಗೊತ್ತಿಲ್ಲದ ಅಭ್ಯರ್ಥಿ ಮೊದಲ ಸ್ಥಾನಕ್ಕೆ ಬಂದರು. ಪ್ರಚಾರಕ್ಕೆ ಒಂದು ರೂಪಾಯಿಯೂ ಖರ್ಚಾಗಿಲ್ಲ ಅನ್ನುವಂತೆ ಸೊನ್ನೆ ಲೆಕ್ಕ ಕೊಟ್ಟಿದ್ದರು. ಅವರ ಅಲೆ ಎದ್ದದ್ದು ಟಿಕ್‌ಟಾಕ್‌ನಲ್ಲಿ. ಟಿಕ್‌ಟಾಕ್ ರಾಜಕೀಯ ಜಾಹೀರಾತನ್ನು 2019ರಿಂದಲೇ ನಿಷೇಧಿಸಿದೆ! ಇನ್‌ಫ್ಲುಯೆನ್ಸರ್‌ಗಳಿಗೆ ದುಡ್ಡು ಹೋಗಿದೆ, ಸಂಘಟಿತ ಖಾತೆಗಳು ಕೆಲಸ ಮಾಡಿವೆ ಅಂತ ಗುಪ್ತಚರ ದಾಖಲೆಗಳು ಹೊರಬಂದವು. ಡಿಸೆಂಬರ್ 6ರಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಇಡೀ ಚುನಾವಣೆಯನ್ನೇ ರದ್ದು ಮಾಡಿತು. ಮತ್ತೆ ಚುನಾವಣೆ ನಡೆದದ್ದು 2025ರ ಮೇನಲ್ಲಿ. ಜನ ಹಾಕಿದ ಮತ ರದ್ದಾಗುವುದು ಯಾವ ಪ್ರಜಾಪ್ರಭುತ್ವಕ್ಕೂ ದೊಡ್ಡ ಪೆಟ್ಟು. ಮುಂಚೆಯೇ ಬೆಳಕು ಬೀಳಿಸುವ ಕಾನೂನು ಕೆಲಸ ಮಾಡಿದ್ದರೆ ಅಲ್ಲಿಗೆ ಹೋಗುವ ಸಂದರ್ಭವೇ ಬರುತ್ತಿರಲಿಲ್ಲವೇನೋ. ಹೊಸ ಐರೋಪ್ಯ ಕಾನೂನು ದುಡ್ಡು ಪಡೆದ ಇನ್‌ಫ್ಲುಯೆನ್ಸರ್‌ನ ಮಾತನ್ನೂ ಜಾಹೀರಾತು ಅಂತಲೇ ಎಣಿಸುತ್ತದೆ. ಅದು ಸರಿಯಾದ ಹೆಜ್ಜೆ.

ನಮ್ಮಲ್ಲಿ

ಭಾರತದಲ್ಲಿ ಕಾನೂನೇ ಇಲ್ಲ ಅನ್ನಲು ಆಗುವುದಿಲ್ಲ. ತುಂಡು ತುಂಡಾಗಿ ಇದೆ. ಟಿವಿಯ ರಾಜಕೀಯ ಜಾಹೀರಾತಿಗೆ ಮುಂಚೆಯೇ ಪ್ರಮಾಣಪತ್ರ ಪಡೆಯಬೇಕು ಅಂತ ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತು. ಸೋಷಿಯಲ್ ಮೀಡಿಯಾ ಜಾಹೀರಾತಿಗೂ ಅದು ಬೇಕು, ಅದರ ಖರ್ಚೂ ಲೆಕ್ಕಕ್ಕೆ ಬರಬೇಕು, ಅಭ್ಯರ್ಥಿ ತನ್ನ ಖಾತೆಗಳನ್ನು ಅಫಿಡವಿಟ್‌ನಲ್ಲಿ ಹೇಳಬೇಕು ಅಂತ ಚುನಾವಣಾ ಆಯೋಗ 2013ರ ಅಕ್ಟೋಬರ್‌ನಲ್ಲಿ ಸೂಚಿಸಿತು. ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ ಪ್ರಚಾರ ನಿಲ್ಲಬೇಕು ಅನ್ನುವ, ಪ್ರಜಾಪ್ರತಿನಿಧಿ ಕಾಯ್ದೆಯದೇ 126ನೇ ಸೆಕ್ಷನ್ ಇದೆ. ಅದರಲ್ಲಿ ಸಿನಿಮಾ, ಟಿವಿ ‘ಅಥವಾ ಅಂಥ ಉಪಕರಣ’ ಅಂತ ಬರೆದಿದೆ. ಇದನ್ನು ಇಂಟರ್ನೆಟ್ಟಿಗೂ ಸ್ಪಷ್ಟವಾಗಿ ವಿಸ್ತರಿಸಿ ಅಂತ ಆಯೋಗದ ಉಮೇಶ್ ಸಿನ್ಹಾ ಸಮಿತಿ 2019ರ ಜನವರಿಯಲ್ಲಿ ಶಿಫಾರಸು ಮಾಡಿತು. ಬಂದದ್ದು ಕಾನೂನು ತಿದ್ದುಪಡಿ ಅಲ್ಲ, ಆ ವರ್ಷದ ಮಾರ್ಚ್‌ನಲ್ಲಿ ಕಂಪನಿಗಳೇ ಒಪ್ಪಿಕೊಂಡ ಒಂದು ಸ್ವಯಂ ನೀತಿ ಸಂಹಿತೆ. ಈ 48 ಗಂಟೆಯ ಮೌನ ಅವಧಿಯ ಉಲ್ಲಂಘನೆಗಳನ್ನು ಆಯೋಗ ತಿಳಿಸಿದ ಮೂರು ಗಂಟೆಯೊಳಗೆ ತೆಗೆಯುತ್ತೇವೆ ಅಂದರು.

ಇವೆಲ್ಲ ಜಾಹೀರಾತಿನಲ್ಲಿ ಏನಿದೆ, ಯಾವಾಗ ಬಂತು, ಎಷ್ಟು ಖರ್ಚಾಯಿತು ಅಂತ ನೋಡುತ್ತವೆ. ಯಾರನ್ನು ಆರಿಸಿ ತೋರಿಸಿದರು ಅನ್ನುವುದನ್ನು ಒಂದೂ ಕೇಳುವುದಿಲ್ಲ.

ಇಲ್ಲೇ ಒಂದು ವಿಚಿತ್ರ ಇದೆ, ದಯವಿಟ್ಟು ಗಮನ ಕೊಡಿ. ಜಾತಿ, ಧರ್ಮದ ಹೆಸರಲ್ಲಿ ಮತ ಕೇಳುವುದು ಅದೇ ಕಾಯ್ದೆಯ 123(3) ಸೆಕ್ಷನ್ ಪ್ರಕಾರ ಭ್ರಷ್ಟ ಆಚರಣೆ. ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿಯಲ್ಲಿ 4-3 ಬಹುಮತದಿಂದ ಇದನ್ನು ಇನ್ನೂ ಬಿಗಿ ಮಾಡಿತು. ಅಭ್ಯರ್ಥಿಯ ಜಾತಿ ಮಾತ್ರ ಅಲ್ಲ, ಮತದಾರನ ಜಾತಿ, ಧರ್ಮದ ಹೆಸರು ಹೇಳಿ ಕೇಳಿದರೂ ತಪ್ಪು ಅಂತ. ಸರಿ. ಈಗ ಒಬ್ಬರು ಜಾತಿಯ ಹೆಸರೇ ಇಲ್ಲದ ಜಾಹೀರಾತು ಮಾಡಿ, ಒಂದು ಜಾತಿಯವರ ಫೋನುಗಳಿಗೆ ಮಾತ್ರ ಕಳಿಸಿದರೆ? ಇನ್ನೊಂದು ಜಾತಿಯವರಿಗೆ ತದ್ವಿರುದ್ಧ ಮಾತು ಕಳಿಸಿದರೆ? ವೇದಿಕೆ ಮೇಲೆ ಗಟ್ಟಿಯಾಗಿ ಹೇಳಿದರೆ ಶಾಸಕನ ಸ್ಥಾನ ಹೋಗಬಹುದು. ಸದ್ದಿಲ್ಲದೆ ವಿಂಗಡಿಸಿ ಕಳಿಸಿದರೆ ಆ ಸೆಕ್ಷನ್ ಮುಟ್ಟುವುದು ಕಷ್ಟ. ನಮ್ಮ ದೇಶದಲ್ಲಿ ಈ ವಿಂಗಡಣೆಗೆ ದೊಡ್ಡ ತಂತ್ರಜ್ಞಾನವೂ ಬೇಕಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಮನೆ ನಂಬರು ಇರುತ್ತದೆ. ಹೆಸರಿನಿಂದ ಧರ್ಮ, ಕೆಲವು ಸಲ ಜಾತಿ, ಊಹಿಸುವವರು ಬೇಕಾದಷ್ಟು. ಅದಕ್ಕೆ ಫೋನ್ ನಂಬರು ಸೇರಿದರೆ ಪಟ್ಟಿ ತಯಾರು.

ನಂಬರು ಎಲ್ಲಿಂದ ಬರುತ್ತದೆ? ಬೆಂಗಳೂರಿನಲ್ಲೇ 2022ರ ನವೆಂಬರ್‌ನಲ್ಲಿ ಹೊರಬಂದ ಚಿಲುಮೆ ಪ್ರಕರಣ ನಿಮಗೆ ನೆನಪಿರಬೇಕು. ದಿ ನ್ಯೂಸ್ ಮಿನಿಟ್ ಮತ್ತು ಪ್ರತಿಧ್ವನಿ ಅದನ್ನು ವರದಿ ಮಾಡಿದ್ದವು. ಮತದಾರರ ಜಾಗೃತಿಗೆ ಅಂತ ಬಿಬಿಎಂಪಿಯಿಂದ ಅನುಮತಿ ಪಡೆದ ಸಂಸ್ಥೆಯ ಜನ, ಬೂತ್ ಮಟ್ಟದ ಅಧಿಕಾರಿಗಳೆಂದು ಹೇಳಿಕೊಂಡು ಮನೆಮನೆಯಲ್ಲಿ ಜನರ ವೈಯಕ್ತಿಕ ವಿವರ ಸಂಗ್ರಹಿಸಿದರು ಅನ್ನುವುದು ಆರೋಪ. ಬಂಧನಗಳಾದವು. ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಮತದಾರರ ಪಟ್ಟಿಯ ಸೇರ್ಪಡೆ, ಅಳಿಸುವಿಕೆಗಳನ್ನು ಪೂರ್ತಿ ಮರುಪರಿಶೀಲನೆ ಮಾಡಿ ಅಂತ ಆಯೋಗ ಹೇಳಿತು. ಪಕ್ಷಗಳು ಒಂದನ್ನೊಂದು ದೂರಿಕೊಂಡವು. ಆಗ ಎಲ್ಲರೂ ಹೆಸರು ಅಳಿಸಿದರಾ ಅಂತ ಚರ್ಚಿಸಿದರು, ಅದು ಬೇಕಾದ ಚರ್ಚೆಯೇ. ಆದರೆ ಮನೆಮನೆಯಿಂದ ತಂದ ಅಂಥ ವಿವರದಿಂದ ನಾಳೆ ಏನೇನು ಮಾಡಬಹುದು ಅನ್ನುವ ಚರ್ಚೆ ತುಂಬಾ ಕಡಿಮೆ ಆಯಿತು.

ಒಂದು ಆ್ಯಪ್ ಮೂಲಕ ಫೇಸ್‌ಬುಕ್ ಬಳಸುವವರ ಮಾಹಿತಿ ಪಡೆದು ರಾಜಕೀಯ ಪ್ರಚಾರಕ್ಕೆ ಬಳಸಿದ ಕೇಂಬ್ರಿಜ್ ಅನಲಿಟಿಕಾ ಕಂಪನಿಯ ಹಗರಣದಲ್ಲೂ ನಾವಿದ್ದೆವು. ಭಾರತದಲ್ಲಿ 335 ಜನ ಆ ಆ್ಯಪ್ ಹಾಕಿಕೊಂಡಿದ್ದಕ್ಕೆ, ಅವರ ಸ್ನೇಹಿತರೆಲ್ಲ ಸೇರಿ 5,62,455 ಜನರ ಮಾಹಿತಿ ಹೋಗಿರಬಹುದು ಅಂತ ಫೇಸ್‌ಬುಕ್ 2018ರಲ್ಲಿ ಹೇಳಿತು. ಸಿಬಿಐ ಕೇಸು ದಾಖಲಿಸಿದ್ದು 2021ರ ಜನವರಿಯಲ್ಲಿ.

ಸರ್ಕಾರದ ಹತ್ತಿರ ಇರುವ ಮಾಹಿತಿಯೂ ಇದೆ. 2024ರ ಮಾರ್ಚ್‌ನಲ್ಲಿ ಚುನಾವಣಾ ನೀತಿ ಸಂಹಿತೆ ಜಾರಿಯಾದ ಮೇಲೂ ಕೇಂದ್ರ ಸರ್ಕಾರದ ‘ವಿಕಸಿತ ಭಾರತ ಸಂಪರ್ಕ’ ಹೆಸರಿನ ವಾಟ್ಸ್‌ಆ್ಯಪ್ ಸಂದೇಶಗಳು ಜನರಿಗೆ ಬರುತ್ತಿದ್ದವು. ನಿಲ್ಲಿಸಿ ಅಂತ ಆಯೋಗ ಐಟಿ ಸಚಿವಾಲಯಕ್ಕೆ ಆದೇಶ ಕೊಟ್ಟಿತು.

ಹಾಗಾದರೆ ಡೇಟಾ ಕಾನೂನು ಏನು ಮಾಡುತ್ತಿದೆ? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣ ನಮ್ಮವರದ್ದೇ. ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಡೇಟಾ ರಕ್ಷಣೆಗೆ ಮೊದಲ ಕರಡು ಬರೆದ ಸಮಿತಿಯ ಅಧ್ಯಕ್ಷರು ಬೆಂಗಳೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ. ಅವರ 2018ರ ಕರಡಿನಲ್ಲಿ ‘ಸೂಕ್ಷ್ಮ ಮಾಹಿತಿ’ ಅಂತ ಒಂದು ವರ್ಗ ಇತ್ತು. ಅದರೊಳಗೆ ಜಾತಿ, ಬುಡಕಟ್ಟು, ಧಾರ್ಮಿಕ ಮತ್ತು ರಾಜಕೀಯ ನಂಬಿಕೆ ಎಲ್ಲ ಇದ್ದವು. 2023ರಲ್ಲಿ ಪಾಸಾದ ಕಾಯ್ದೆಯಲ್ಲಿ ಆ ವರ್ಗವೇ ಇಲ್ಲ. ನಮ್ಮ ಜಾತಿಗೂ ನಮ್ಮ ಚಪ್ಪಲಿ ಅಳತೆಗೂ ಕಾಯ್ದೆಯಲ್ಲಿ ಒಂದೇ ರಕ್ಷಣೆ. ಇದು ನನಗೆ ನಿಜವಾಗಿ ನೋವಿನ ಸಂಗತಿ. ಜಾತಿಯನ್ನು ಸೂಕ್ಷ್ಮ ಅಂತ ಕರೆಯಲು ಯುರೋಪಿನವರಿಗೆ ಹೊಳೆಯದೆ ಇರಬಹುದು, ನಮಗೆ ಹೊಳೆದಿತ್ತು. ಬರೆದಿದ್ದೆವು, ಆಮೇಲೆ ಅಳಿಸಿದೆವು.

18 ವರ್ಷದೊಳಗಿನವರಿಗೆ ಗುರಿ ಇಟ್ಟು ಜಾಹೀರಾತು ತೋರಿಸುವಂತಿಲ್ಲ ಅಂತ ಕಾಯ್ದೆಯಲ್ಲಿದೆ. ಮತ ಹಾಕುವವರಿಗೆ ಆ ರಕ್ಷಣೆ ಇಲ್ಲ.

ಆದರೂ ಒಂದು ಬಾಗಿಲು ತೆರೆದಿದೆ. ದೊಡ್ಡ ಪ್ರಮಾಣದಲ್ಲಿ ಮಾಹಿತಿ ಇಟ್ಟುಕೊಂಡ ಕಂಪನಿಗಳನ್ನು ವಿಶೇಷ ವರ್ಗಕ್ಕೆ ಸೇರಿಸಿ ಹೆಚ್ಚಿನ ಹೊಣೆ ಹೊರಿಸಲು 10ನೇ ಸೆಕ್ಷನ್ ಕೇಂದ್ರ ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ. ಯಾವ ಕಾರಣ ನೋಡಿ ಸೇರಿಸಬಹುದು ಅಂತ ಪಟ್ಟಿ ಕೊಟ್ಟಿದೆ. ಅದರಲ್ಲಿ ಒಂದು, ‘ಚುನಾವಣಾ ಪ್ರಜಾಪ್ರಭುತ್ವಕ್ಕೆ ಇರುವ ಅಪಾಯ’. ಕಾಯ್ದೆಯಲ್ಲೇ ಇರುವ ಮಾತು ಇದು. ಇದನ್ನು ಬಳಸಿ ಅಂತ ಕೇಳುವ ಹಕ್ಕು ನಮಗಿದೆ.

ನನ್ನ ಬೇಡಿಕೆ ದೊಡ್ಡದಲ್ಲ. 127ಎ ಸೆಕ್ಷನ್ ಫೋನಿಗೂ ಬರಲಿ. ದುಡ್ಡು ಯಾರದ್ದು ಅನ್ನುವುದರ ಜೊತೆ, ಯಾವ ಆಧಾರದ ಮೇಲೆ ನನ್ನನ್ನು ಆರಿಸಿದರು ಅಂತಲೂ ಕನ್ನಡದಲ್ಲೇ ತೋರಿಸಲಿ. ಜಾತಿ, ಧರ್ಮ, ಆರೋಗ್ಯ, ರಾಜಕೀಯ ಒಲವು, ಇವುಗಳಿಂದಾಗಲಿ ಇವನ್ನು ಊಹಿಸಿಯಾಗಲಿ ಚುನಾವಣಾ ಜಾಹೀರಾತು ಹಂಚುವುದು ನಿಲ್ಲಲಿ. ಈ ‘ಊಹಿಸಿ’ ಅನ್ನುವ ಮಾತು ಇಲ್ಲದಿದ್ದರೆ ಕಾನೂನು ವ್ಯರ್ಥ. ಮೆಟಾ 2022ರ ಜನವರಿಯಲ್ಲಿ ಧರ್ಮ, ರಾಜಕೀಯ ನಂಬಿಕೆಯಂಥ ಆಯ್ಕೆಗಳನ್ನು ತಾನೇ ತೆಗೆದುಹಾಕಿತು. ಆದರೆ ಪಟ್ಟಿ ಏರಿಸುವ ದಾರಿ, ಹೋಲಿಕೆ ಹುಡುಕುವ ದಾರಿ ಹಾಗೇ ಉಳಿದವು. ಜಾಹೀರಾತುಗಳ ಸಂಗ್ರಹ ಚುನಾವಣಾ ಆಯೋಗದ ಕೈಯಲ್ಲಿರಲಿ. ಕಂಪನಿ ಹೊರಟುಹೋದರೂ ದಾಖಲೆ ಉಳಿಯಬೇಕಲ್ವಾ?

ಆಮೇಲೆ ದುಡ್ಡಿನ ವಿಷಯ. ಲೋಕಸಭೆ ಅಭ್ಯರ್ಥಿ ಕರ್ನಾಟಕದಲ್ಲಿ 95 ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಪಕ್ಷಕ್ಕೆ ಮಿತಿಯೇ ಇಲ್ಲ. ಪಕ್ಷದ ಹೆಸರೇ ಹಾಕದ ಪುಟಗಳು ಯಾವ ಲೆಕ್ಕಕ್ಕೂ ಸಿಗದೆ ಜಾಹೀರಾತು ಹಾಕುತ್ತವೆ. ಚುನಾವಣಾ ಬಾಂಡ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು, ಪಕ್ಷಗಳಿಗೆ ಯಾರು ದುಡ್ಡು ಕೊಡುತ್ತಾರೆ ಅಂತ ತಿಳಿಯುವುದು ಮತದಾರನ ಹಕ್ಕು ಅಂತ ಹೇಳಿದೆ. ಆ ಹಕ್ಕು ನಮ್ಮ ಕಣ್ಣೆದುರಿನ ಪರದೆಯವರೆಗೂ ಬರಬೇಕು.

ಇಷ್ಟೆಲ್ಲ ಕೇಳುವಾಗ ಯುರೋಪಿನ ತಪ್ಪನ್ನು ನಾವು ಮಾಡಬಾರದು. ವ್ಯಾಖ್ಯೆ ಚಿಕ್ಕದಿರಲಿ. ಪಕ್ಷ, ಅಭ್ಯರ್ಥಿ, ಚುನಾವಣೆ, ಮತ್ತು ಅದಕ್ಕೆ ಕೊಟ್ಟ ದುಡ್ಡು. ಅಷ್ಟೇ. ರೈತ ಸಂಘದ ಪೋಸ್ಟು, ಕಾಲೇಜು ಹುಡುಗಿಯ ವಿಡಿಯೋ, ನಾಗರಿಕರ ಟೀಕೆ ಇದರೊಳಗೆ ಬರಬಾರದು. ಪೋಸ್ಟ್ ತೆಗೆಸುವ ಹೊಸ ಅಧಿಕಾರ ಯಾವ ಸರ್ಕಾರಕ್ಕೂ ಇದರ ಹೆಸರಲ್ಲಿ ಸಿಗಬಾರದು. ಹಾಗೇನಾದರೂ ಮಸೂದೆ ಬಂದರೆ ಅದನ್ನು ವಿರೋಧಿಸುವವರಲ್ಲಿ ನಾನೂ ಇರುತ್ತೇನೆ.

ಪ್ರಶ್ನೆಗಳು

ವಾಟ್ಸ್‌ಆ್ಯಪ್ ಗುಂಪುಗಳನ್ನು ಏನು ಮಾಡುತ್ತೀರಿ ಅಂತ ಒಬ್ಬರು ಕೇಳಿದರು. ಸಂದೇಶಗಳನ್ನು ಓದುವ ಅಧಿಕಾರ ಯಾರಿಗೂ ಕೊಡಬಾರದು. ಅದು ಖಂಡಿತ. ಆದರೆ ಗುಂಪು ಕಟ್ಟಲು ಬಳಸಿದ ನಂಬರುಗಳ ಪಟ್ಟಿ ಎಲ್ಲಿಂದ ಬಂತು ಅಂತ ಪಕ್ಷವನ್ನು ಕೇಳಬಹುದು. ಪಕ್ಷವೂ ಮಾಹಿತಿ ಇಟ್ಟುಕೊಳ್ಳುವ ಸಂಸ್ಥೆಯೇ. ಅಂಗಡಿಗೆ, ಬ್ಯಾಂಕಿಗೆ ಅನ್ವಯಿಸುವ ಒಪ್ಪಿಗೆ ನಿಯಮ ಪಕ್ಷಕ್ಕೂ ಅನ್ವಯಿಸಬೇಕು. 2023ರ ಆ ಡೇಟಾ ಕಾಯ್ದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಒಪ್ಪಿಗೆಯ ಭಾಗ ಜಾರಿಗೆ ಬರಲು 18 ತಿಂಗಳ ಗಡುವು ಇದೆ. ಅಂದರೆ 2027ರ ಮೇ ತಿಂಗಳು. ಕರ್ನಾಟಕದ ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ. ಪಕ್ಷಗಳಿಗೆ ತಮ್ಮ ಪಟ್ಟಿ ಸರಿಮಾಡಿಕೊಳ್ಳಲು ಸಮಯ ಇಲ್ಲ ಅನ್ನುವ ನೆಪ ಇರುವುದಿಲ್ಲ.

ಕಾನೂನು ಬರುವವರೆಗೆ ನಾವೇನು ಮಾಡಬಹುದು ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದರು. ಮೆಟಾದ ಆಡ್ ಲೈಬ್ರರಿ, ಗೂಗಲ್‌ನ ಜಾಹೀರಾತು ಪಾರದರ್ಶಕತಾ ಪುಟ ಯಾರು ಬೇಕಾದರೂ ತೆರೆಯಬಹುದು. ನಿಮ್ಮ ಕ್ಷೇತ್ರದ ಅಭ್ಯರ್ಥಿಯ ಹೆಸರು ಹಾಕಿ ಹುಡುಕಿ. ದುಡ್ಡು ಕೊಟ್ಟವರ ಹೆಸರು, ಹೆಚ್ಚುಕಡಿಮೆ ಎಷ್ಟು ಖರ್ಚು, ಯಾವ ರಾಜ್ಯ, ಯಾವ ವಯಸ್ಸಿನವರು ನೋಡಿದರು ಅಂತ ಸಿಗುತ್ತದೆ. ಜಾಹೀರಾತಿನ ಮೂಲೆಯ ಚುಕ್ಕಿಗಳನ್ನು ಒತ್ತಿದರೆ ‘ಇದು ನನಗೆ ಯಾಕೆ ಕಾಣುತ್ತಿದೆ’ ಅಂತ ಬರುತ್ತದೆ. ಅದನ್ನು ಸ್ಕ್ರೀನ್‌ಶಾಟ್ ತೆಗೆದು ತಾರೀಕು ಬರೆದು ಇಡಿ. ಪ್ರಮಾಣಪತ್ರ ಇಲ್ಲದ ಜಾಹೀರಾತು ಅನಿಸಿದರೆ ಜಿಲ್ಲೆಯ ಮಾಧ್ಯಮ ಪ್ರಮಾಣೀಕರಣ ಸಮಿತಿಗೆ ಬರೆಯಿರಿ. ನೀತಿ ಸಂಹಿತೆಯ ಉಲ್ಲಂಘನೆಗೆ ಆಯೋಗದ ಸಿ-ವಿಜಿಲ್ ಆ್ಯಪ್ ಇದೆ. ಒಂದು ತರಗತಿಯ ಅರವತ್ತು ಜನ ಒಂದೇ ವಾರ ತಮ್ಮ ತಮ್ಮ ಫೋನಿಗೆ ಬಂದ ಚುನಾವಣಾ ಜಾಹೀರಾತುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಯಾವ ಪಕ್ಷ ಯಾರಿಗೆ ಏನು ಹೇಳುತ್ತಿದೆ ಅಂತ ತಕ್ಕಮಟ್ಟಿಗೆ ಗೊತ್ತಾಗುತ್ತದೆ. 2028ಕ್ಕೆ ಮುಂಚೆ ಸ್ಥಳೀಯ ಸಂಸ್ಥೆಗಳ ಚುನಾವಣೆಗಳಲ್ಲೇ ಇದನ್ನು ಶುರುಮಾಡಬಹುದು. ಯಾರಾದರೂ ಮಾಡುವುದಾದರೆ ವರದಿ ಬರೆಯಲು ನಾನೂ ಜೊತೆಗಿರುತ್ತೇನೆ.